ಬಾಯಿಗೆ ಕಟ್ಟಿದ ಶಲ್ಯ

ಹೊಳೆದಂಡೆಯ ಆ ಮಠದಲ್ಲಿ ಇದ್ದವರು ಮೂವರೇ: ಸ್ವಾಮಿಗಳಾದ ಗದಿಗೆಯ್ಯ ಅಜ್ಜಾರು, ಅವರ ಶಿಷ್ಯ ರೇವಯ್ಯ, ಮತ್ತೆ ಮೋತ್ಯಾ ಎನ್ನುವ ನಾಯಿ.

ವರ್ಷವೆಲ್ಲ ಮೋತ್ಯಾ ಸಾಧು. ಶ್ರಾವಣದ ಕಡೆಯ ಸೋಮವಾರ ಮಾತ್ರ ಅದಕ್ಕೆ ಏನಾಗುತ್ತಿತ್ತೋ. ಅಂದು ಸುತ್ತಲಿನ ಊರುಗಳ ಜನ ಪ್ರಸಾದಕ್ಕೆ ಬರುತ್ತಿದ್ದರು. ಒಂದೊಂದು ಚಕ್ಕಡಿ ಬಾಗಿಲಿಗೆ ಬಂದಾಗಲೂ ಅದು ಗಂಟಲು ಹರಿಯುವಂತೆ ಬೊಗಳುತ್ತಿತ್ತು. ಹಿಂದಿನ ವರ್ಷ ಆ ಬೊಗಳಿಕೆಗೆ ಬೆದರಿ ಅಡಿವೆಪ್ಪಗೌಡರ ಹೆಂಡತಿ ಕೈಯಲ್ಲಿದ್ದ ತುಪ್ಪದ ಗಡಿಗೆ ಕೆಡವಿದ್ದರು.

ಗೌಡರು ಮಠದ ಹಿರಿಯ ಭಕ್ತರು. ಈ ಸಲ ಹಬ್ಬಕ್ಕೆ ಮೊದಲೇ ಬಂದು ಹೇಳಿದರು: ಈ ವರ್ಷವೂ ನಾಯಿ ಬೊಗಳಿದರೆ ಅದನ್ನು ಹೊಳೆಯಾಚೆ ಬಿಟ್ಟು ಬರುವುದೇ ಸೈ.

“ನಾಯಿ ಬೊಗಳಿದ್ರ ದೇವಲೋಕ ಹಾಳಾಗೂದಿಲ್ಲ, ಗೌಡ್ರ,” ಎಂದರು ಅಜ್ಜಾರು.

“ದೇವಲೋಕಕ್ಕ ಏನೂ ಆಗೂದಿಲ್ರಿ ಅಜ್ಜಾರ. ತುಪ್ಪ ಹಾಳಾಗತೈತಿ.”

ಅಜ್ಜಾರು ನಕ್ಕರು. ರೇವಯ್ಯ ನಗಲಿಲ್ಲ. ಕಣ್ಣೂ ತೆರೆಯದ ಮರಿಯನ್ನು ಹೊಳೆಯ ಕೆಸರಿನಿಂದ ಎತ್ತಿ ತಂದು ಸಾಕಿದವನು ಅವನೇ. ಅದನ್ನು ಬಿಟ್ಟುಕೊಡುವುದು ಅವನಿಂದಾಗದ ಮಾತು.

ಗೌಡರು ಹೋದ ಮೇಲೆ ಕೇಳಿದ, “ಅಜ್ಜಾರ, ಅದನ್ನ ಸುಮ್ಮನಿರಸೂದು ಹ್ಯಾಂಗ್ರಿ?”

“ಮುಂಜಾನೆದ್ದು ಅದು ದಣಿಯೂತನಕ ದಂಡಿಗುಂಟ ಅಡ್ಡಾಡಿಸ್ಕೊಂಡು ಬಾ. ಮಂದಿ ಬರಾಕ ಹತ್ತಿದ ಮ್ಯಾಲೆ ಅದರ ಮಗ್ಗಲಾಗ ಕುಂದ್ರು.”

“ಕುಂತು ಏನ್ ಮಾಡ್ಲಿರಿ?”

“ಏನೂ ಮಾಡಬ್ಯಾಡ. ಕುಂದ್ರು.”

ಇದು ರೇವಯ್ಯನಿಗೆ ಹಿಡಿಸಲಿಲ್ಲ. ಬಾಗಿಲಲ್ಲಿ ನಿಂತು ಬಂದವರ ಕೈಗೆ ನೀರು ಕೊಡುವವನೇ ಮುಂದಿನ ಅಜ್ಜಾರು ಎಂದು ಜನ ಆಡಿಕೊಳ್ಳುತ್ತಿದ್ದುದು ಅವನ ಕಿವಿಗೂ ಬಿದ್ದಿತ್ತು. ಅಂಥವನು ಹಬ್ಬದ ದಿನ ನಾಯಿಯ ಪಕ್ಕ ಕೂತರೆ ಚೆಂದವೇ?

ಸೋಮವಾರ ಬೆಳಿಗ್ಗೆ ಮೋತ್ಯಾನನ್ನು ಕಟ್ಟಿಗೆ ಕೋಣೆಗೆ ಕರೆದೊಯ್ದು ಕಂಬಕ್ಕೆ ಬಿಗಿದ. ಹೆಗಲ ಮೇಲಿನ ಶಲ್ಯ ತೆಗೆದು ಅದರ ಬಾಯಿಗೆ ಸುತ್ತಿದ. ಮೋತ್ಯಾ ಇದೇನೋ ಆಟವೆಂದುಕೊಂಡು ಮೂತಿಯನ್ನು ತಾನಾಗಿಯೇ ಅವನ ಅಂಗೈಗೆ ಕೊಟ್ಟಿತು. ಬಾಲ ಅಲ್ಲಾಡಿಸುತ್ತಲೇ ಕಟ್ಟಿಸಿಕೊಂಡಿತು. ಊಟಕ್ಕೆ ಮೊದಲು ಬಂದು ಬಿಚ್ಚಿದರಾಯಿತು ಎಂದುಕೊಂಡು ಅವನು ಬಾಗಿಲು ಮುಚ್ಚಿದ.

ಚಕ್ಕಡಿಗಳು ಬಂದವು. ಮಠದಲ್ಲಿ ಒಂದು ಬೊಗಳಿಕೆಯಿಲ್ಲ.

“ರೇವಯ್ಯಸ್ವಾಮ್ಯಾರ, ನಾಯಿಗೆ ಏನ್ ಮಾಡಿದ್ರಿ?” ಗೌಡರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

“ದಿನಾ ಮಗ್ಗಲಾಗ ಕುಂತು ಕಲಿಸೇನ್ರಿ,” ಎಂದುಬಿಟ್ಟ ರೇವಯ್ಯ.

ಮಾತು ಬಾಯಿಂದ ಬಾಯಿಗೆ ಹೋಯಿತು. ಮಠದ ಗಾಳಿ ನಾಯಿಗೂ ತಾಗಿತು ಎಂದರು ಹೆಂಗಸರು. ಬಂದವರೆಲ್ಲ ಅವನನ್ನು ನಿಲ್ಲಿಸಿ ಮಾತಾಡಿಸಿದರು. ರೇವಯ್ಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿ ಕಟ್ಟಿಗೆ ಕೋಣೆ ಮರೆತೇ ಹೋಯಿತು.

ಮಧ್ಯಾಹ್ನ ಪಂಕ್ತಿ ಕೂತಿತು. ಎಲೆಗಳಿಗೆ ಹುಗ್ಗಿ ಬಿತ್ತು. ಯಾರೂ ಕೈ ಹಚ್ಚಲಿಲ್ಲ. ಆ ಮಠದಲ್ಲಿ ಹಿಂದಿನಿಂದಲೂ ಒಂದು ರೂಢಿ: ಅಜ್ಜಾರು ತಮ್ಮ ಎಲೆಯ ಮೊದಲ ತುತ್ತನ್ನು ನಾಯಿಗೆ ಕೊಡಬೇಕು, ಅದು ತಿಂದ ಮೇಲೆಯೇ ಉಳಿದವರ ಊಟ.

ಅಜ್ಜಾರು ತುತ್ತು ಹಿಡಿದು ಕರೆದರು, “ಮೋತ್ಯಾ.”

ನಾಯಿ ಬರಲಿಲ್ಲ. ಇನ್ನೊಮ್ಮೆ ಕರೆದರು. ಊರಿಗೂರೇ ಎಲೆಯ ಮುಂದೆ ಕೈಕಟ್ಟಿ ಕೂತು ಕಾಯುತ್ತಿತ್ತು.

ರೇವಯ್ಯನಿಗೆ ಆಗ ಕಟ್ಟಿಗೆ ಕೋಣೆ ನೆನಪಾಯಿತು. ಎದ್ದವನೇ ಕಟ್ಟಿಗೆ ಕೋಣೆಗೆ ಓಡಿದ.

ಮೋತ್ಯಾ ನೆಲಕ್ಕೆ ಒರಗಿತ್ತು. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡಲೂ ಆಗದೆ ಮೂಗಿನಲ್ಲೇ ಉಸಿರೆಳೆಯುತ್ತಿತ್ತು. ಜೊಲ್ಲಿಗೆ ನೆನೆದ ಗಂಟು ಕಲ್ಲಾಗಿತ್ತು. ಎಷ್ಟು ಎಳೆದರೂ ಅದು ಬಿಚ್ಚಲೊಲ್ಲದು.

ಹಿಂದೆ ನೆರಳು ಬಿತ್ತು. ಅಜ್ಜಾರು ಕೈಯಲ್ಲಿ ತುತ್ತು ಹಿಡಿದೇ ಬಂದಿದ್ದರು. ಅವರ ಬೆನ್ನಿಗೆ ಗೌಡರು, ಗೌಡರ ಬೆನ್ನಿಗೆ ಅರ್ಧ ಪಂಕ್ತಿ. ಅಜ್ಜಾರು ತುತ್ತನ್ನು ರೇವಯ್ಯನ ಕೈಗಿಟ್ಟು, ಕೆಳಗೆ ಕೂತು, ಅವಸರವಿಲ್ಲದೆ ಗಂಟು ಬಿಡಿಸಿದರು.

ಮೋತ್ಯಾ ಅಷ್ಟು ಜನರನ್ನು ಕಂಡೂ ಬೊಗಳಲಿಲ್ಲ. ಯಾರೋ ತಂದಿಟ್ಟ ಬೋಗುಣಿಗೆ ತಲೆ ಹಾಕಿ ನೀರು ಕುಡಿಯಿತು. ಮೂತಿಯ ಮೇಲೆ ಕೂದಲು ಕಿತ್ತು ಕೆಂಪು ಬರೆ ಎದ್ದಿತ್ತು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ರೇವಯ್ಯನಿಗೆ.

“ಗೌಡ್ರ, ನಾ ಸುಳ್ಳು ಹೇಳೀನ್ರಿ,” ಎಂದ. “ಕಲಿಸಿಲ್ಲ. ಕಟ್ಟಿದ್ದೆ.”

ಗೌಡರು ತಾವೇ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ನಿಂತರು.

ನೀರು ಕುಡಿದ ಮೋತ್ಯಾ ಬಂದು ರೇವಯ್ಯನ ಕೈಯೊಳಗಿನ ತುತ್ತು ತಿಂದಿತು. ತಿಂದು ಅಂಗೈ ನೆಕ್ಕಿತು. ಜನ ಪಂಕ್ತಿಗೆ ಮರಳಿದರು.

ರೇವಯ್ಯ ಹೋಗಲಿಲ್ಲ. ನಾಯಿಯ ಮಗ್ಗುಲಲ್ಲಿ ಕೂತ. ಏನೂ ಮಾಡಲಿಲ್ಲ. ತಡವಾಗಿ ಬಂದ ಚಕ್ಕಡಿಯೊಂದು ಗೆಜ್ಜೆ ಕುಣಿಸುತ್ತ ಒಳಗೆ ಬಂತು. ಮೋತ್ಯಾ ಕಿವಿ ನಿಮಿರಿಸಿ ಅವನ ಮುಖ ನೋಡಿತು. ಅವನು ಕೂತೇ ಇರುವುದನ್ನು ಕಂಡು ಗದ್ದವನ್ನು ಅವನ ಮೊಣಕಾಲ ಮೇಲಿಟ್ಟು ಮಲಗಿತು. ಇಷ್ಟೇ ಆಗಿತ್ತು ಕೆಲಸ. ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

ಹೊಳೆಯಾಚೆ ಬಿಡುವ ಮಾತನ್ನು ಗೌಡರು ಎತ್ತದೆ ಹೊರಟುಹೋದರು. ಎತ್ತಿದ್ದರೆ, ನನ್ನನ್ನೇ ಬಿಟ್ಟು ಬನ್ನಿ ಎನ್ನಲು ರೇವಯ್ಯ ಸಿದ್ಧನಿದ್ದ.

ಸಂಜೆ ಅಜ್ಜಾರು ಅವನ ಪಾಲಿನ ಹುಗ್ಗಿ ತಂದು ಮುಂದಿಟ್ಟು ಪಕ್ಕದಲ್ಲಿ ಕೂತರು. ಅವನು ಬಟ್ಟಲು ಮುಟ್ಟಲಿಲ್ಲ.

“ಅಜ್ಜಾರ, ಇದು ನನ್ನ ಎಂದಾದ್ರೂ ಕ್ಷಮಿಸತೈತೇನ್ರಿ?”

ಅಜ್ಜಾರು ನಾಯಿಯ ಮೂತಿಯ ಬರೆಯ ಮೇಲೆ ಮೆಲ್ಲಗೆ ಬೆರಳಾಡಿಸಿದರು.

“ನೀ ಗಂಟು ಹಾಕೂವಾಗ ಅದರ ಬಾಯಿ ಬಿಚ್ಚೇ ಇತ್ತಲ್ಲೋ ರೇವಯ್ಯ. ನಿನ್ನ ಕೈ ಅದರ ಹಲ್ಲಿನ ಹತ್ರನ ಇತ್ತು. ಕಚ್ಚಿತೇನು?”