ಕತ್ತರಿ ಕಾಣದ ಕಣಗಳು

ರವಿಕೆ ಕಣ ಎಂದಮೇಲೆ ಅದು ರವಿಕೆಯಾಗಲೇಬೇಕು, ಇದು ನಿಯಮ. ವನಜಾಕ್ಷಮ್ಮನವರ ಟ್ರಂಕಿನಲ್ಲಿದ್ದ ಕಣಗಳಲ್ಲಿ ಒಂದೂ ಅದನ್ನು ಪಾಲಿಸಿರಲಿಲ್ಲ. ಒಬ್ಬರ ಮನೆಯ ತಾಂಬೂಲದಲ್ಲಿ ಬರುವುದು, ಮುಂದಿನ ಹಬ್ಬಕ್ಕೆ ಇನ್ನೊಬ್ಬರ ಮನೆಯ ಟ್ರಂಕು ಸೇರುವುದು, ಇದೇ ಅವುಗಳ ಬದುಕು.

ಮುಚ್ಚಳ ಹಾಕಲಾಗದೆ ಟ್ರಂಕು ನರಳಿತು: "ಯಾರಾದರೂ ಹೊಲಿಸಿಕೊಂಡು ಹೊರಡ್ರಮ್ಮಾ, ನನ್ನ ಕೀಲು ಕಿತ್ತು ಬರುತ್ತಿದೆ!"

"ನಾವೇಕೆ ಹೊರಡಬೇಕು?" ಎಂದಿತು ಕೆಂಪು ಕಣ. "ನಾನು ಊರಿನ ಮುತ್ತೈದೆಯರ ಮನೆಯನ್ನೆಲ್ಲ ನೋಡಿ ಬಂದವಳು. ಕತ್ತರಿಗೆ ಸಿಕ್ಕಿದ್ದರೆ ಈ ಮರ್ಯಾದೆ ಎಲ್ಲಿರುತ್ತಿತ್ತು?"

ಹಳದಿ ಕಣಕ್ಕೆ ಮಾತ್ರ ಭಯ. ಮನೆ ಮನೆ ಸುತ್ತಿ ಅದರ ಮಡಿಕೆಯ ಗೆರೆಗಳು ಬಿಳಚಿಕೊಂಡಿದ್ದವು. ಇನ್ನೊಂದು ಸುತ್ತು ಹೋದರೆ ಅಲ್ಲೇ ಹರಿಯುವುದು ಖಂಡಿತ.

"ಅಕ್ಕಾ, ಇಷ್ಟು ಮನೆ ಸುತ್ತಿದೆಯಲ್ಲ, ಒಬ್ಬರಾದರೂ ನಿನ್ನನ್ನು ಬಿಚ್ಚಿ ನೋಡಿದರೇ?"

"ಬಿಚ್ಚಿದರೆ ಹೊಸತನ ಹೋಗುತ್ತೆ ಕಣೇ. ಸುಮ್ಮನೆ ಬಿದ್ದಿರು."

ಅಷ್ಟರಲ್ಲಿ ವನಜಾಕ್ಷಮ್ಮ ಗೌರಿ ಹಬ್ಬದ ತಾಂಬೂಲಕ್ಕೆಂದು ಹಳದಿಯನ್ನೇ ಎತ್ತಿಕೊಂಡರು. ತಟ್ಟೆಯಲ್ಲಿ ಇಡುವ ಮೊದಲೇ ಅದು ಅವರ ಕೈಯಿಂದ ಜಾರಿ, ಪಕ್ಕದ ಹೊಲಿಗೆ ಯಂತ್ರದ ಮೇಲೆ ಬಿದ್ದು, ಮಡಿಕೆಗಳನ್ನೆಲ್ಲ ಬಿಚ್ಚಿಕೊಂಡು, ಅಲ್ಲೇ ಬಾಯ್ತೆರೆದು ಬಿದ್ದಿದ್ದ ಕತ್ತರಿಯೊಳಗೆ ತನ್ನ ಅಂಚನ್ನು ತಾನೇ ತೂರಿಸಿತು.