ಒಳಲೆಯಲ್ಲಿ ಕುಡಿಸಿದ ಗಂಜಿ

‘ಅಪ್ಪಾವರೆ, ವಯಸ್ಸಾದವರನ್ನು ನೋಡಿಕೊಳ್ಳಲು ಕರುಣೆಯೊಂದಿದ್ದರೆ ಸಾಲದೆ? ಅದಕ್ಕೂ ತರಬೇತಿ ಬೇಕೆ?’

ಕೇಳಿದವನು ಮಠದ ವೃದ್ಧಾಶ್ರಮದ ಉಸ್ತುವಾರಿ ಹೊತ್ತಿದ್ದ ಶಿಷ್ಯ ಚನ್ನವೀರ. ಆಶ್ರಮದಲ್ಲಿ ಕೆಲಸ ಮಾಡುವ ಹೆಂಗಸರು ಅಂದು ಬೆಳಿಗ್ಗೆ ಅವನ ಬಳಿ ಬಂದಿದ್ದರು. ಜಿಲ್ಲೆಯ ದೊಡ್ಡಾಸ್ಪತ್ರೆಯಲ್ಲಿ ಮುಪ್ಪಿನವರ ಶುಶ್ರೂಷೆಯನ್ನು ಕಲಿಸುತ್ತಾರೆ, ನಮ್ಮನ್ನು ಸರದಿಯ ಮೇಲೆ ಕಳಿಸಿಕೊಡಿ ಎಂದು ಕೇಳಿದ್ದರು. ಅವರಲ್ಲಿ ಒಬ್ಬಳು ನರ್ಸಿಂಗ್ ಓದಿದವಳೇ. ಓದಿ ಬಹಳ ಕಾಲವಾಯಿತು, ಆಗ ವಯಸ್ಸಾದವರ ವಿಷಯ ಹೆಚ್ಚು ಹೇಳಿಕೊಟ್ಟಿರಲಿಲ್ಲ, ನಾನೂ ಹೋಗುತ್ತೇನೆ ಎಂದಿದ್ದಳು. ಚನ್ನವೀರನಿಗೆ ಅದು ಸರಿಬರಲಿಲ್ಲ. ಸೇವೆ ಹೃದಯದಿಂದ ಬರಬೇಕೇ ಹೊರತು ಪಾಠದಿಂದಲ್ಲ ಎಂದು ಹೇಳಿ ಕಳಿಸಿದ್ದ. ಒಳ್ಳೆಯ ಮಾತು ಆಡಿದೆನೆಂಬ ಸಮಾಧಾನವೂ ಅವನಿಗಿತ್ತು.

ಗುರುಗಳ ಮುಖ ಕೆಂಪಾಯಿತು.

‘ಕೂತುಕೋ, ತಮ್ಮಾ,’ ಎಂದರು. ‘ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟಿನಲ್ಲೇ ಒಂದು ಕತೆ ಹೇಳುತ್ತೇನೆ.’

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಅವನು ದಾನಿ, ಮೃದು ಮಾತಿನವನು, ಯಾರ ಕಷ್ಟ ಕೇಳಿದರೂ ಕಣ್ಣು ತುಂಬಿಕೊಳ್ಳುವವನು. ಹಿಂದುಮುಂದಿಲ್ಲದ ಮುದುಕರು ಕಟ್ಟೆಯ ಮೇಲೆ, ಛತ್ರದ ಮೂಲೆಯಲ್ಲಿ ಬಿದ್ದುಕೊಂಡಿರುವುದನ್ನು ಕಂಡು ಅವನ ಕರುಳು ಚುರ್ರೆಂದಿತು. ಅವರಿಗಾಗಿ ಒಂದು ಮನೆ ಕಟ್ಟಿಸಲು ಹೊರಟ.

ಕಟ್ಟಿಸುವಾಗ ಅವನ ಎಚ್ಚರ ನೋಡಬೇಕಿತ್ತು. ಬಾವಿ ತೋಡಲು ನೀರಿನ ಸೆಲೆ ಬಲ್ಲವನನ್ನೇ ಕರೆಸಿದ. ಬಾಗಿಲಿಗೆ ತೇಗ ಆರಿಸಲು ಮರ ಬಲ್ಲ ಬಡಗಿಯನ್ನು ದೂರದಿಂದ ಹುಡುಕಿಸಿದ. ಅಡುಗೆಯವನನ್ನು ಗೊತ್ತುಮಾಡುವ ಮುಂಚೆ ಅವನ ಕೈಯ ಸಾರು ಉಂಡು ನೋಡಿದ. ತನ್ನ ಎತ್ತಿನ ಗೊರಸಿಗೆ ಲಾಳ ಕಟ್ಟುವುದಕ್ಕೂ ಹೊಸಬರನ್ನು ಹತ್ತಿರ ಬಿಡುವವನಲ್ಲ. ಕೆಲಸ ಕಲಿತಿದ್ದೀಯಾ, ಯಾರ ಕೈಕೆಳಗೆ ಕಲಿತೆ, ಎಂದು ವಿಚಾರಿಸಿಯೇ ಎತ್ತಿನ ಹಗ್ಗ ಬಿಚ್ಚಿಕೊಡುತ್ತಿದ್ದ. ಸರಿಯಾದದ್ದೇ. ತಪ್ಪೆಂದು ಯಾರು ಹೇಳುತ್ತಾರೆ?

ಮನೆ ಎದ್ದು ನಿಂತಿತು. ಮುದುಕರು ಬಂದರು. ಇವರನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಬಂತು. ಅದಕ್ಕೆ ಮಾತ್ರ ಅವನು ಕಣ್ಣು ಮಿಟುಕಿಸುವಷ್ಟು ಹೊತ್ತೂ ಯೋಚಿಸಲಿಲ್ಲ. ನಮ್ಮ ಸಾವಂತ್ರೆವ್ವ ಇದ್ದಾಳಲ್ಲ ಎಂದ.

ವರ್ತಕನ ಹೆಸರು ನಾನು ಹೇಳುವುದಿಲ್ಲ. ಅದನ್ನು ಆ ಮನೆಯ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ್ದಾರೆ, ಅಷ್ಟು ಸಾಕು. ಅವಳ ಹೆಸರನ್ನು ಎಲ್ಲಿಯೂ ಬರೆದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ಸಾವಂತ್ರೆವ್ವ ಕೂಸಿಗೆ ಎರೆಯುವವಳು. ಬಾಣಂತಿಯಿರುವ ಮನೆಗಳಿಗೆ ಹೋಗಿ, ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಎರಡೂ ಕಾಲು ನೀಡಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಳ್ಳುತ್ತಿದ್ದಳು. ಎಣ್ಣೆ ಹಚ್ಚಿ ಮೈಯನ್ನು ಗಸಗಸ ತಿಕ್ಕಿ, ಬಿಸಿನೀರು ಹುಯ್ದು, ಕೈಕಾಲು ನೀವಿ ಎಳೆದು, ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಆಮೇಲೆ ಒಳಲೆ ಹಿಡಿಯುತ್ತಿದ್ದಳು. ಒಳಲೆಯೆಂದರೆ ಮೂತಿಯಿರುವ ಪುಟ್ಟ ಬಟ್ಟಲು. ಕೂಸನ್ನು ತೊಡೆಯ ಮೇಲೆ ಅಂಗಾತ ಹಾಕಿಕೊಂಡು, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಅದರಲ್ಲಿ ಹಾಲನ್ನೋ ಔಷಧಿಯನ್ನೋ ಬಾಯಿಗೆ ಇಳಿಸುತ್ತಿದ್ದಳು. ಆ ಊರಿನಲ್ಲಿ ಅವಳ ಕಾಲ ಮೇಲೆ ಮಲಗದೆ ಬೆಳೆದವರು ಕಡಿಮೆ. ವರ್ತಕನ ಮಕ್ಕಳಿಗೂ ಎರೆದವಳು ಅವಳೇ.

ವರ್ತಕ ಅವಳನ್ನು ಕರೆಸಿ ವಿಷಯ ಹೇಳಿದ. ಅವಳು ಸೆರಗು ಬಿಗಿದುಕೊಂಡು ನಿಂತಲ್ಲೇ ನಿಂತಳು.

‘ಸಾವ್ಕಾರ್ರ, ನನಗ ಕೂಸಿನ ಮೈ ಗೊತ್ತೈತಿ. ಮುದುಕರ ಮೈ ಗೊತ್ತಿಲ್ರಿ. ದೊಡ್ಡ ದವಾಖಾನ್ಯಾಗ ವಯಸ್ಸಾದವರನ್ನ ನೋಡ್ಕೊಳ್ಳೂದು ಕಲಸ್ತಾರಂತ. ಮೊದಲ ಅಲ್ಲಿ ಕಳಸ್ರಿ. ಕಲ್ತು ಬಂದು ಕೈ ಹಚ್ಚತೀನಿ. ನನ್ನ ಕೈಲೆ ಯಾರಿಗರ ಕೇಡಾದ್ರ ನಾ ತಾಳಂಗಿಲ್ರಿ.’

ವರ್ತಕ ನಕ್ಕ. ಪ್ರೀತಿಯಿಂದಲೇ ನಕ್ಕ.

‘ಅದ್ರಾಗ ಕಲಿಯೂದೇನೈತಿ, ಯವ್ವಾ? ಮುದುಕರೂ ಕೂಸುಗಳ ಹಂಗ. ನಿನ್ನಂಥಾ ತಾಯಿ ಕರುಳಿದ್ದರ ಸಾಕು.’

ಸುತ್ತ ಕುಳಿತವರು ಎಂಥ ಮಾತು, ಎಂಥ ಮಾತು ಎಂದು ತಲೆದೂಗಿದರು. ಸಾವಂತ್ರೆವ್ವ ಒಪ್ಪಿಕೊಂಡಳು. ತಾಯಿ ಎಂದು ಕರೆಸಿಕೊಂಡವಳು ಅಷ್ಟು ಜನರ ಎದುರು ಆಗುವುದಿಲ್ಲ ಎನ್ನುವುದು ಹೇಗೆ?

ತಮ್ಮಾ, ಈ ತಾಯಿ ಎಂಬ ಮಾತನ್ನು ಎಲ್ಲಿ ಬಳಸುತ್ತಾರೆಂದು ನೋಡಿದ್ದೀಯಾ? ಬಾವಿ ತೋಡಿದವನನ್ನು ಯಾರೂ ತಂದೆ ಎನ್ನಲಿಲ್ಲ. ಅವನಿಗೆ ಕೆಲಸ ಬರುತ್ತದೆ ಎಂದರು. ಇವಳನ್ನು ಮಾತ್ರ ತಾಯಿ ಮಾಡಿಬಿಟ್ಟರು. ತಾಯಿಗೆ ಸಂಬಳ ಕಡಿಮೆಯಾದರೂ ನಡೆಯುತ್ತದೆ. ರಜೆ ಇಲ್ಲದಿದ್ದರೂ ನಡೆಯುತ್ತದೆ. ಕಲಿಸದಿದ್ದರಂತೂ ಚೆನ್ನಾಗಿಯೇ ನಡೆಯುತ್ತದೆ. ಹೊಗಳಿ ಬಾಯಿ ಮುಚ್ಚಿಸುವುದೆಂದರೆ ಇದೇ.

ಇನ್ನು ಆ ಇನ್ನೊಂದು ಸವಿ ಮಾತು. ಮುದುಕರೂ ಕೂಸುಗಳ ಹಾಗಂತೆ! ಆ ಮನೆಯಲ್ಲಿ ಒಬ್ಬ ನೇಕಾರನಿದ್ದ. ಲಕ್ವ ಹೊಡೆದು ಬಲಗಡೆ ಸೋತಿತ್ತು, ಮಾತು ತೊದಲುತ್ತಿತ್ತು. ಜೀವಮಾನವೆಲ್ಲ ಮಗ್ಗದ ಮುಂದೆ ಕುಳಿತು ಊರಿನ ಮೈ ಮುಚ್ಚಿದವನು. ಹೆಂಡತಿಯನ್ನು ಕಳೆದುಕೊಂಡವನು, ನಾಚಿಕೆ ಮಾನ ಎಲ್ಲ ಇದ್ದವನು. ಅವನು ಕೂಸೇ? ಕೂಸಿನ ಮೈ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ, ಅವನ ಮೈ ದಿನದಿಂದ ದಿನಕ್ಕೆ ಸೋಲುತ್ತಿತ್ತು. ಕೂಸಿನ ಎಲುಬು ಬಾಗುತ್ತದೆ, ಅವನದು ಮುರಿಯುತ್ತದೆ. ಮುದುಕರನ್ನು ಕೂಸು ಎನ್ನುವವರು ಅವರ ಮೈಯನ್ನೂ ನೋಡಿಲ್ಲ, ಬಾಳನ್ನೂ ನೋಡಿಲ್ಲ. ನೋಡುವ ತೊಂದರೆ ತಪ್ಪಿಸಿಕೊಳ್ಳಲು ಆ ಮಾತು ಹೇಳುತ್ತಾರೆ.

ಸಾವಂತ್ರೆವ್ವ ತನಗೆ ತಿಳಿದದ್ದನ್ನು ಮಾಡಿದಳು. ಬೇರೆ ಏನು ಮಾಡಬೇಕಿತ್ತು? ಮೊದಲ ದಿನ ನೇಕಾರನಿಗೆ ಎಣ್ಣೆ ಹಚ್ಚಿ, ಕೂಸಿಗೆ ತಿಕ್ಕಿದಂತೆಯೇ ಗಸಗಸ ತಿಕ್ಕಿ, ಹದವಾಗಿ ಬಿಸಿನೀರು ಹುಯ್ದಳು. ಅವನು ಹಲ್ಲು ಕಚ್ಚಿ ಕುಳಿತಿದ್ದ. ಮೈ ಒರೆಸುವಾಗ ಪಂಚೆಗೆ ರಕ್ತ ಹತ್ತಿತು. ಮುಂಗೈಯ ತೊಗಲು ನೆನೆದ ಕಾಗದದಂತೆ ಹರಿದು ಬಂದಿತ್ತು. ಅವಳು ಗಾಬರಿಯಾಗಿ, ನೋವಾಗಲಿಲ್ಲವೇ ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಇಷ್ಟು ಪ್ರೀತಿಯಿಂದ ಮಾಡುವವಳಿಗೆ ನೋವಾಯಿತೆಂದು ಹೇಳಲು ಅವನಿಗೆ ಸಂಕೋಚ.

ಅವಳು ಅದೇ ಒದ್ದೆ ಕೈಯಲ್ಲಿ ವರ್ತಕನ ಅಂಗಡಿಗೆ ಹೋದಳು.

‘ಸಾವ್ಕಾರ್ರ, ಕೂಸಿಗೆ ನೋವಾದ್ರ ಅಳತೈತಿ. ಈ ಮನಶ್ಯಾ ಅಳಂಗಿಲ್ರಿ. ನಾ ಹ್ಯಾಂಗ ತಿಳಕೊಳ್ಲಿ? ನಿಮ್ಮ ಕಾಲಿಗಿ ಬೀಳ್ತೀನಿ, ಕಲಿಯಾಕ ಕಳಸ್ರಿ ನನ್ನ.’

‘ನೀ ಹ್ವಾದ್ರ ಇವರನ್ನ ನೋಡಾವ್ರು ಯಾರವಾ? ಹಳೇ ತೊಗಲು, ಹರೀತೈತಿ. ಮನಸಿಗಿ ಹಚ್ಕೋಬ್ಯಾಡ. ಪ್ರೀತಿಲೆ ಮಾಡ್ಕೋತ ಹೋಗು, ಎಲ್ಲಾ ತಾನ ಬರತೈತಿ.’

ಹೋಗಲಿ ಬಿಡು ಎಂದು ಅವನು ಸುಮ್ಮನೂ ಇರಲಿಲ್ಲ. ಮುಂದಿನ ವಾರ ಊರಿನವರನ್ನು ಸೇರಿಸಿ, ಅವಳಿಗೆ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು ಸನ್ಮಾನ ಮಾಡಿದ. ಕಲಿಸು ಎಂದು ಬೇಡಿದವಳಿಗೆ ಶಾಲು ಹೊದಿಸಿದ! ಜನ ಚಪ್ಪಾಳೆ ತಟ್ಟಿದರು.

ಅವಳು ಎಣ್ಣೆ ತಿಕ್ಕುವುದನ್ನು ಬಿಟ್ಟಳು. ತನಗೆ ತಾನೇ ಕಲಿಸಿಕೊಂಡು ಹತ್ತಿಯಲ್ಲಿ ಮೆಲ್ಲಗೆ ಒರೆಸತೊಡಗಿದಳು. ಆದರೆ ಎಲ್ಲವನ್ನೂ ಹಾಗೆ ಊಹಿಸಿಕೊಂಡು ಕಲಿಯಲಾಗುವುದಿಲ್ಲ. ಒಂದೊಂದು ತಪ್ಪಿಗೂ ಒಂದೊಂದು ಮೈ ಬೇಕಾಗುತ್ತದೆ.

ಲಕ್ವ ಹೊಡೆದವನಿಗೆ ನುಂಗುವುದೂ ಕಷ್ಟ. ನೇಕಾರ ನೀರು ಕುಡಿದರೆ ಕೆಮ್ಮುತ್ತಿದ್ದ. ಗಂಜಿ ಕುಡಿದರೆ ಅರ್ಧ ಕಟವಾಯಿಯಿಂದ ಹೊರಗೆ ಬರುತ್ತಿತ್ತು. ಹೊಟ್ಟೆಗೆ ಸಾಲದೆ ಅವನು ಸೊರಗುತ್ತ ಬಂದ. ಅವನು ಸೊರಗುವುದನ್ನು ನೋಡಲಾರದೆ ಅವಳು ಒದ್ದಾಡಿದಳು. ಹಾಲು ಉಗುಳುವ ಕೂಸಿಗೆ ತಾನು ಏನು ಮಾಡುತ್ತಿದ್ದೆನೆಂದು ನೆನೆದಳು. ಮನೆಗೆ ಹೋಗಿ ಒಳಲೆ ತಂದಳು.

ಅವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅಂಗಾತ ಮಲಗಿಸಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಗಂಜಿಯನ್ನು ತೆಳ್ಳಗೆ ಮಾಡಿ ಒಳಲೆಯಿಂದ ಇಳಿಸಿದಳು. ಗಂಜಿ ಹೊರಗೆ ಬರಲಿಲ್ಲ. ಅವಳಿಗೆ ಹಿಗ್ಗಾಯಿತು. ಅವನು ಉಸಿರು ಸಿಕ್ಕಿಹಾಕಿಕೊಂಡು ಕೆಮ್ಮಿದಾಗ ಬೆನ್ನು ಸವರಿ, ಆಯ್ತು ಆಯ್ತು ಎಂದು ಸಮಾಧಾನ ಮಾಡಿದಳು. ಮರುದಿನವೂ ಹಾಗೆಯೇ ಕುಡಿಸಿದಳು. ಬಟ್ಟಲು ಖಾಲಿಯಾಗುವುದನ್ನು ಕಂಡು, ಇನ್ನು ಇವನು ಉಳಿದುಕೊಳ್ಳುತ್ತಾನೆ ಎಂದು ದೇವರಿಗೆ ಕೈ ಮುಗಿದಳು.

ಗಂಜಿ ಹೊಟ್ಟೆಗೆ ಹೋಗಿರಲಿಲ್ಲ. ಉಸಿರಿನ ದಾರಿ ಹಿಡಿದು ಪುಪ್ಪುಸಕ್ಕೆ ಇಳಿದಿತ್ತು. ಜ್ವರ ಬಂತು. ಎದೆಯಲ್ಲಿ ಗೊರಗೊರ ಸದ್ದು ಶುರುವಾಯಿತು. ಡಾಕ್ಟರನ್ನು ಕರೆತರುವಷ್ಟರಲ್ಲಿ ಅವನ ಕಣ್ಣು ಮೇಲಾಗಿತ್ತು. ಅಂದು ಸಂಜೆಯೇ ತೀರಿಕೊಂಡ.

ಡಾಕ್ಟರು ಒಳಲೆಯನ್ನು ನೋಡಿದರು. ಮಲಗಿಸಿ ಕುಡಿಸಿದಿರಾ ಎಂದು ಕೇಳಿದರು. ಇಂಥವರನ್ನು ನೆಟ್ಟಗೆ ಕೂರಿಸಬೇಕು, ಗದ್ದವನ್ನು ಎದೆಯ ಕಡೆ ಬಾಗಿಸಬೇಕು, ಗಂಜಿ ಗಟ್ಟಿಯಿರಬೇಕು, ಒಂದು ಗುಟುಕು ಇಳಿದ ಮೇಲೆ ಇನ್ನೊಂದು ಕೊಡಬೇಕು, ಇದನ್ನೇ ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಹೇಳಿಕೊಡುವುದು ಎಂದರು. ಗದರಿ ಹೇಳಲಿಲ್ಲ. ಮೆಲ್ಲಗೇ ಹೇಳಿದರು.

ಸಾವಂತ್ರೆವ್ವ ಅಳಲಿಲ್ಲ. ‘ತಲಿ ಹಿಂದ ಮಾಡೂ ಬದ್ಲಿ ಮುಂದ ಮಾಡಿದ್ದರ ಉಳೀತಿದ್ದನೇನ್ರಿ? ಇಷ್ಟ ಏನ್ರಿ?’ ಎಂದು ಕೇಳಿದಳು.

ಈಗ ನೋಡು, ನನ್ನ ಮೈ ಉರಿಯುವುದು ಇಲ್ಲಿ. ಅವಳನ್ನು ಯಾರಾದರೂ ಬೈದರೇ? ಇಲ್ಲ. ಬೈದಿದ್ದರೆ, ಏನು ತಪ್ಪಾಯಿತು ಎಂಬ ಮಾತಾದರೂ ಬರುತ್ತಿತ್ತು. ವರ್ತಕ ನೇಕಾರನ ಹೆಣದ ಮುಂದೆ ನಿಂತು ಕಣ್ಣೊರೆಸಿಕೊಂಡ. ಯಾರೂ ಇಲ್ಲದವನು ತಾಯಿಯ ತೊಡೆಯ ಮೇಲೆ ಕೂಸಿನ ಹಾಗೆ ಕಣ್ಣು ಮುಚ್ಚಿದ, ಪುಣ್ಯವಂತ ಎಂದ. ವಯಸ್ಸಾಗಿತ್ತು ಎಂದರು ಉಳಿದವರು. ವಯಸ್ಸಾಗಿತ್ತು ಎಂಬ ಒಂದು ಮಾತಿನಲ್ಲಿ ಎಷ್ಟು ಕೊಲೆಗಳು ಮುಚ್ಚಿಹೋಗುತ್ತವೆ! ಹುಡುಗನೊಬ್ಬ ಹಾಗೆ ಸತ್ತಿದ್ದರೆ ಊರು ಹೊತ್ತಿ ಉರಿಯುತ್ತಿತ್ತು. ಮುದುಕ ಸತ್ತರೆ ಯಾಕೆ ಸತ್ತ ಎಂದು ಕೇಳುವುದೇ ಅಸಭ್ಯತೆ.

ಸಾವಂತ್ರೆವ್ವ ಅಂದೇ ಆ ಮನೆ ಬಿಟ್ಟಳು. ಮುಂದೆ ಬಾಣಂತಿಯರ ಮನೆಯಿಂದ ಕರೆ ಬಂದರೆ ಅಲ್ಲಿಗೂ ಹೋಗಲಿಲ್ಲ. ಬರದ ಕೆಲಸವನ್ನು ಕಲಿಸಲಿಲ್ಲ, ಬರುತ್ತಿದ್ದ ಕೆಲಸವನ್ನೂ ಕಿತ್ತುಕೊಂಡರು. ಅವಳು ಮೊದಲೇ ಹೇಳಿದ್ದಳು, ನನ್ನ ಕೈಯಿಂದ ಕೇಡಾದರೆ ತಾಳಲಾರೆ ಎಂದು. ತಾಳಲಿಲ್ಲ.

ವರ್ತಕ ಬೇರೊಬ್ಬಳನ್ನು ಹುಡುಕಿದ. ಅವಳು ಅಂಜುತ್ತ, ನನಗೆ ಈ ಕೆಲಸ ಗೊತ್ತಿಲ್ಲ ಎಂದಳು. ಅವನು ನಕ್ಕು, ಮುದುಕರೂ ಕೂಸುಗಳ ಹಾಗೆ, ತಾಯಿ ಕರುಳಿದ್ದರೆ ಸಾಕು ಎಂದ. ಸುತ್ತ ಕುಳಿತವರು ಮತ್ತೆ ತಲೆದೂಗಿದರು.

ಗುರುಗಳು ಕತೆ ನಿಲ್ಲಿಸಿದರು. ಅವರ ಉಸಿರು ಇನ್ನೂ ಬಿಸಿಯಾಗಿತ್ತು.

ಚನ್ನವೀರ ತಗ್ಗಿದ ದನಿಯಲ್ಲಿ, ‘ಅಪ್ಪಾವರೆ, ಆ ವರ್ತಕನಿಗೆ ನಿಜವಾದ ಕರುಣೆ ಇರಲಿಲ್ಲ, ಅಲ್ಲವೇ?’ ಎಂದು ಕೇಳಿದ.

‘ಇತ್ತು, ತಮ್ಮಾ. ನಿನಗಿರುವಷ್ಟೇ ಇತ್ತು.’