ಸೇತುವೆ ಖಾತೆ

“ಗುರುಗಳೇ, ಚುನಾವಣೆ ಬಾಗಿಲಿಗೆ ಬಂದಿರುವಾಗ ಸಂಪುಟ ಪುನಾರಚನೆ ಆಯಿತು. ನಮ್ಮ ಊರಿನವರು ಮಂತ್ರಿಯಾದರೆಂದು ನಾವು ಪಟಾಕಿ ಹೊಡೆದೆವು. ಪಕ್ಕದ ಊರಿನವರ ಖಾತೆ ಹೋಯಿತೆಂದು ಅವರು ರಸ್ತೆಗೆ ಟೈರು ಹಾಕಿ ಸುಟ್ಟರು. ಇದರಲ್ಲಿ ಯಾರು ಸರಿ?”

ಹೀಗೆ ಕೇಳಿದ ಶಿಷ್ಯ ಬಲ ಹೆಗಲನ್ನು ಉಜ್ಜಿಕೊಳ್ಳುತ್ತಿದ್ದ. ಹಿಂದಿನ ದಿನದ ಮೆರವಣಿಗೆಯಲ್ಲಿ ಅವನು ಹೊಸ ಮಂತ್ರಿಯನ್ನು ಹೊತ್ತು ಕುಣಿದಿದ್ದ. ಮಂತ್ರಿಗಳು ಸ್ವಲ್ಪ ತೂಕದವರು.

ಗುರು ನಕ್ಕರು. “ಕೂತುಕೋ. ಇದಕ್ಕೆ ಉತ್ತರ ಬಲ್ಲವನು ಮೂರು ಲೋಕದಲ್ಲಿ ನಾನೊಬ್ಬನೇ. ಬೇರೆ ಯಾರಾದರೂ ಹೇಳಿದರೆ ನನ್ನನ್ನು ಕೇಳಿಕೊಂಡು ಹೋಗಿ ಹೇಳಿದ್ದು ಅಂತ ತಿಳಿ,” ಎಂದು ಕತೆ ಶುರುಮಾಡಿದರು.

ಒಂದು ರಾಜ್ಯವಿತ್ತು. ಅದಕ್ಕೊಬ್ಬ ರಾಜ. ಐದು ವರ್ಷಕ್ಕೊಮ್ಮೆ ಅವನು ಪ್ರಜೆಗಳ ಮುಂದೆ ಕೈಮುಗಿದು ನಿಲ್ಲಬೇಕು. ಅವರು ಆಗಲಿ ಎಂದರೆ ಮತ್ತೆ ಸಿಂಹಾಸನ, ಸಾಕು ಎಂದರೆ ಮನೆ.

ರಾಜಧಾನಿಯ ಪಕ್ಕದಲ್ಲೇ ಒಂದು ಹೊಳೆ. ಎಂಥ ಹೊಳೆ ಅಂತೀ! ಈ ದಡದಲ್ಲಿ ಸೀನಿದರೆ ಆ ದಡದವರು ಮರುದಿನ ‘ನೂರು ವರ್ಷ ಬಾಳು’ ಎನ್ನುತ್ತಿದ್ದರು. ನಾನಾಗ ಹರೆಯದವನು. ಒಂದೇ ಗುಟುಕಿಗೆ ಅಷ್ಟನ್ನೂ ಕುಡಿದು ಜನಕ್ಕೆ ದಾರಿ ಮಾಡಿಕೊಡುತ್ತಿದ್ದೆ. ಆದರೆ ಅಂದು ಏಕಾದಶಿ.

“ಏಕಾದಶಿಗೆ ನೀರು ಕುಡಿಯಬಹುದಲ್ಲ, ಗುರುಗಳೇ?”

“ನಮ್ಮದು ನಿರ್ಜಲ ಏಕಾದಶಿ. ಸುಮ್ಮನೆ ಕೇಳು.”

ಆ ಊರಲ್ಲಿ ಒಬ್ಬ ಹೂವಾಡಗಿತ್ತಿ ಇದ್ದಳು. ಒಬ್ಬಳೇ ಮಗಳನ್ನು ಆಚೆ ದಡಕ್ಕೆ ಕೊಟ್ಟಿದ್ದಳು. ಮಗಳಿಗೆ ಚೊಚ್ಚಲು. ತವರಿಗೆ ಕರೆತರಬೇಕು ಎನ್ನುವ ಹೊತ್ತಿಗೆ ಹೊಳೆ ಏರಿತು, ಹರಿಗೋಲು ನಿಂತಿತು. ಅತ್ತೆಯಿಲ್ಲದ ಮನೆ. ಹೆರಿಗೆ ನೋಡುವವರು ಆ ದಡದಲ್ಲಿ ಯಾರೂ ಇಲ್ಲ. ತಾಯಿ ಈ ದಡದಲ್ಲಿ ಕೂತು ಹೂ ಕಟ್ಟುತ್ತಿದ್ದಳು.

ರಾಜ್ಯದಲ್ಲಿ ಸೇತುವೆಗೊಬ್ಬ ಮಂತ್ರಿ ಇದ್ದ. ಸೇತುವೆ ಇರಲಿಲ್ಲ.

ಚುನಾವಣೆ ಹತ್ತಿರವಾಯಿತು. ರಾಜ ಸಂಪುಟ ಬದಲಿಸಿದ. ಸೇತುವೆ ಖಾತೆ ನೇಕಾರರ ಕೇರಿಯವನೊಬ್ಬನಿಗೆ ಬಂತು. ಕೇರಿಗೆ ಕೇರಿಯೇ ಮಗ್ಗ ಬಿಟ್ಟು ಬೀದಿಗೆ ಬಂದು ಕುಣಿಯಿತು.

ಅಲ್ಲಿ ಒಂದು ಪದ್ಧತಿ. ಖಾತೆಗೆ ಹೊಸಬ ಬಂದರೆ ಹೊಸ ಅಡಿಗಲ್ಲು ಹಾಕಬೇಕು. ಅದು ಹಳಬನ ಕಲ್ಲಿಗಿಂತ ದೊಡ್ಡದಿರಬೇಕು, ಅದಕ್ಕಿಂತ ಒಂದು ಹೆಜ್ಜೆ ಮುಂದಿರಬೇಕು. ಮೇಲೆ ಅವನ ಹೆಸರು ಕೆತ್ತಿರಬೇಕು. ಕಲ್ಲಿಗೊಂದು ಮಾಲೆ, ಮಂತ್ರಿಗೊಂದು ಮಾಲೆ. ಕಲ್ಲು ಹೊರುವುದು ಮಾತ್ರ ಅವನ ಕೇರಿಯವರ ಹಕ್ಕು. ಬೇರೆಯವರು ಬೆರಳು ಮುಟ್ಟಿಸಿದರೂ ಜಗಳ. ಹಳಬನ ಕಲ್ಲು ದಡದ ಅಂಚಿನಲ್ಲಿತ್ತು. ಹಾಗಾಗಿ ಹೊಸಬನ ಕಲ್ಲು ನೀರಿಗೆ ಬಿತ್ತು.

ಹೂವಾಡಗಿತ್ತಿ ಮಾಲೆ ಕೊಟ್ಟು ಕೇಳಿದಳು. “ಬುದ್ಧೀ, ಸೇತುವೆ ಯಾವಾಗ ಆಗುತ್ತದೆ?”

“ಈಗ ತಾನೆ ಬಂದಿದ್ದೇನಮ್ಮ. ಕೂತು ನೋಡುತ್ತೇನೆ.”

ಅವನು ಕೂರುವುದರೊಳಗೆ ಕುರ್ಚಿ ಹೋಯಿತು. ಯಾಕೆಂದರೆ ಗಾಣಿಗರ ಕೇರಿಯವರು ಮುನಿಸಿಕೊಂಡು ತಲೆಗೆ ಕಪ್ಪು ಬಟ್ಟೆ ಕಟ್ಟಿ ಗಾಣ ನಿಲ್ಲಿಸಿದ್ದರು. ರಾಜ ಖಾತೆಯನ್ನು ಅವರಿಗೆ ಕೊಟ್ಟ. ಗಾಣಿಗರು ಇನ್ನೂ ದೊಡ್ಡ ಕಲ್ಲು ಹೊತ್ತರು, ಕಪ್ಪು ಬಟ್ಟೆ ನೇಕಾರರ ತಲೆಗೆ ಹೋಯಿತು. ನಾವೇನು ಮನುಷ್ಯರಲ್ಲವೇ ಎಂದು ಕುಂಬಾರರ ಕೇರಿ ಕೇಳಿತು. ಖಾತೆ ಅಲ್ಲಿಗೂ ಹೋಯಿತು.

ಹೊಳೆಯ ದಂಡೆಯಲ್ಲಿ ಒಬ್ಬ ವ್ಯಾಪಾರಿಯ ಅಂಗಡಿ. ಪ್ರತಿ ಸಲವೂ ಅವನು ಕಣ್ಣರಳಿಸಿ ಹೇಳುತ್ತಿದ್ದ: “ಏನು ನಡೆ, ಏನು ನಡೆ! ಇದರ ಒಳಗುಟ್ಟು ನಮ್ಮಂಥವರಿಗೆ ತಿಳಿಯುವುದಲ್ಲ.” ಆಮೇಲೆ ಆ ಒಳಗುಟ್ಟನ್ನು ಕತ್ತಲಾಗುವ ತನಕ ವಿವರಿಸುತ್ತಿದ್ದ.

ಚುನಾವಣೆ ಇನ್ನೂ ಹತ್ತಿರ ಬಂತು. ವಾರಕ್ಕೊಬ್ಬ ಇದ್ದದ್ದು ದಿನಕ್ಕೊಬ್ಬ ಆಯಿತು. ಬೆಳಗಿನವನು ಬೇರೆ, ಸಂಜೆಯವನು ಬೇರೆ. ಒಬ್ಬನಂತೂ ಪ್ರಮಾಣವಚನ ಓದುತ್ತ ಓದುತ್ತಲೇ ಮಾಜಿಯಾದ. ಪ್ರತಿಯೊಬ್ಬನಿಗೂ ಒಂದು ಕಲ್ಲು, ಹಿಂದಿನದಕ್ಕಿಂತ ದೊಡ್ಡದು, ಒಂದು ಹೆಜ್ಜೆ ಮುಂದೆ. ಊರ ಸುತ್ತಲಿನ ಗುಡ್ಡಗಳು ಕರಗಿಹೋದವು. ಒಂದು ಸಂಜೆ ಸೂರ್ಯ ಮುಳುಗಲು ಗುಡ್ಡ ಸಿಗದೆ ತಡಕಾಡುತ್ತಿದ್ದ. ನಾನೇ ಕೈಹಿಡಿದು ಮುಳುಗಿಸಿದೆ. ನಂಬದಿದ್ದರೆ ಅವನನ್ನೇ ಕೇಳು.

ಜನ ಬೆರಗಾಗಿ ನೋಡಿದರು. ಎಲ್ಲರೂ ನೋಡಿದ್ದು ಕೊನೆಯ ಕಲ್ಲನ್ನು. ಹಿಂದಿನವು ಸೋತವರ ಕಲ್ಲುಗಳು, ಅವನ್ನು ನೋಡುವುದೇನು?

ಚುನಾವಣೆಯ ಮುನ್ನಾದಿನ ಡಂಗುರ ಹೊಡೆಸಿದರು. ಇನ್ನು ಬದಲಾವಣೆ ಇಲ್ಲ. ಎಲ್ಲ ಕೇರಿಯವರೂ ಮನೆಗೆ ಹೋಗಿ ಹೆಗಲಿಗೆ ಎಣ್ಣೆ ಹಚ್ಚಿ ಮಲಗಿದರು.

ಆ ಮಧ್ಯಾಹ್ನ ಆಚೆ ದಡದಲ್ಲಿ ಅಳಿಯ ನಿಂತು ಪಂಚೆ ಬೀಸಿದ. ನೋವು ಶುರುವಾಗಿದೆ ಎಂಬುದಕ್ಕೆ ಅದೇ ಗುರುತು. ತಾಯಿ ಹೂವಿನ ಬುಟ್ಟಿ ಬಿಟ್ಟು ಹೊಳೆಗೆ ಓಡಿದಳು. ನೀರಿಗೆ ಇಳಿಯಬೇಕು ಎಂದು ಹೋದವಳ ಕಾಲಿಗೆ ಕಲ್ಲು ಸಿಕ್ಕಿತು. ಅದರಾಚೆ ಇನ್ನೊಂದು. ಅದರಾಚೆ ಮತ್ತೊಂದು. ಅವಳು ನೇಕಾರನ ಹೆಸರಿನ ಮೇಲೆ ಕಾಲಿಟ್ಟಳು, ಗಾಣಿಗನ ಹೆಸರಿನ ಮೇಲೆ ಕಾಲಿಟ್ಟಳು, ನಡೆದಳು, ನಡೆದೇ ನಡೆದಳು. ಅಷ್ಟು ದೊಡ್ಡ ಹೊಳೆ ಅವಳ ಎರಡೂ ಕಡೆ ಮೊರೆಯುತ್ತಿತ್ತು, ಪಾದ ಒದ್ದೆಯಾಗಲಿಲ್ಲ.

ಕೊನೆಗೆ ಒಂದೇ ಒಂದು ಕಲ್ಲಿನ ಜಾಗ ಉಳಿದಿತ್ತು. ಸೆಳವು ಅಲ್ಲೇ ಜೋರು.

ಅವಳು ತಿರುಗಿ ಓಡಿಬಂದು ಕೇರಿಯವರನ್ನು ಎಬ್ಬಿಸಿದಳು. “ಅಣ್ಣಂದಿರೇ, ಇನ್ನೊಂದು ಕಲ್ಲು ಹಾಕಿಕೊಡಿ.”

“ಯಾವ ಕೇರಿಯ ಮಂತ್ರಿಯದಮ್ಮ?”

“ಮಂತ್ರಿಯದಲ್ಲ. ನನ್ನ ಮಗಳು ಹೆರುತ್ತಿದ್ದಾಳೆ.”

“ಅಯ್ಯೋ ತಾಯಿ! ಮಂತ್ರಿಯಿಲ್ಲದೆ ಕಲ್ಲು ಹೊರುವ ಪದ್ಧತಿ ಎಲ್ಲಿದೆ? ಈ ರಾತ್ರಿ ಕಳೆದು ಚುನಾವಣೆ ಮುಗಿಯಲಿ.”

“ನೋವು ಚುನಾವಣೆ ನೋಡಿಕೊಂಡು ಬರುತ್ತದೆಯೇ?”

ಅವರು ಕೆಟ್ಟವರಲ್ಲ. ಅವಳನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಕಲ್ಲಿಗೆ ಮಾತ್ರ ಯಾರೂ ಏಳಲಿಲ್ಲ.

ಅವಳು ಮಜ್ಜಿಗೆ ಮುಟ್ಟಲಿಲ್ಲ. ದಡದಲ್ಲಿ ಬಿಟ್ಟಿದ್ದ ಬುಟ್ಟಿ ಎತ್ತಿಕೊಂಡು ಮನೆಗೆ ಹೋದಳು. ಹಿತ್ತಲಲ್ಲಿ ಬಟ್ಟೆ ಒಗೆಯುವ ದೊಡ್ಡ ಚಪ್ಪಡಿ ಇತ್ತು. ಒಬ್ಬಳಿಂದ ಅಲುಗಿಸಲೂ ಆಗದು. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು. ಬುಟ್ಟಿಯಲ್ಲಿ ಉಳಿದಿದ್ದ ಹೂವನ್ನೆಲ್ಲ ಕಟ್ಟಿ ಕಲ್ಲಿಗೊಂದು ಮಾಲೆ ಹಾಕಿದಳು. ಹಿತ್ತಲ ಬಾಗಿಲು ತೆರೆದು ಸುಮ್ಮನೆ ನಿಂತಳು.

ದಾರಿಯಲ್ಲಿ ಹೋಗುತ್ತಿದ್ದ ಡೋಲಿನವನು ನೋಡಿದ. ಕಲ್ಲಿಗೆ ಮಾಲೆ! ಅವನು ಏನನ್ನೂ ಕೇಳಲಿಲ್ಲ. ಕೈ ತಾನಾಗಿಯೇ ಡೋಲಿಗೆ ಹೋಯಿತು.

“ಮತ್ತೆ ಬದಲಾಯಿತು!” ಎಂದು ಊರು ಎದ್ದಿತು. ನಮ್ಮವನೇ ಇರಬೇಕು ಎಂದು ನೇಕಾರರು ಓಡಿಬಂದರು. ನಮ್ಮವನೇ ಎಂದು ಗಾಣಿಗರು ಬಂದರು, ಕುಂಬಾರರು ಬಂದರು. ಯಾರದೆಂದು ಗೊತ್ತಿಲ್ಲದ್ದರಿಂದ ಯಾರೂ ಯಾರನ್ನೂ ತಡೆಯಲಿಲ್ಲ. ಎಲ್ಲ ಕೇರಿಯ ಹೆಗಲುಗಳು ಮೊದಲ ಸಲ ಒಂದೇ ಕಲ್ಲಿನ ಕೆಳಗೆ ಸೇರಿದವು. ವ್ಯಾಪಾರಿ ಅಂಗಡಿಯಿಂದ ಜಿಗಿದು, “ಕೊನೆ ಗಳಿಗೆಯ ನಡೆ! ರಾಜ ಎಂದರೆ ರಾಜ!” ಎಂದು ಕೂಗಿದ.

ಕಲ್ಲು ಹೊಳೆಯ ಮೇಲೆ ನಡೆದುಹೋಯಿತು. ಉಳಿದಿದ್ದ ಜಾಗದಲ್ಲಿ ಕೂತಿತು. ಜನ ಜೈಕಾರ ಹಾಕಿದರು, ಒಬ್ಬೊಬ್ಬರು ಒಂದೊಂದು ಹೆಸರಿಗೆ. ಯಾರೋ ಒಬ್ಬ ಬಗ್ಗಿ ಮಾಲೆ ಸರಿಸಿದ. ಹೆಸರಿರಲಿಲ್ಲ. ಒಗೆದು ಒಗೆದು ನುಣುಪಾದ ಬರಿಯ ಕಲ್ಲು. ಅಷ್ಟರಲ್ಲಿ ಹೂವಾಡಗಿತ್ತಿ ಅದರ ಮೇಲೆ ಕಾಲಿಟ್ಟು ದಾಟಿಬಿಟ್ಟಿದ್ದಳು.

ಡೋಲು ನಿಂತಿತು. ಜನ ಆಗ ಹಿಂತಿರುಗಿ ನೋಡಿದರು. ತಮ್ಮ ಊರು ಆ ತುದಿಯಲ್ಲಿ, ತಾವು ಈ ತುದಿಯಲ್ಲಿ, ನಡುವೆ ಇಡೀ ಹೊಳೆ. ವ್ಯಾಪಾರಿ ಕಲ್ಲುಗಳನ್ನು ಒಂದೊಂದಾಗಿ ಎಣಿಸತೊಡಗಿದ.

ಕತ್ತಲಾಗುವ ಮೊದಲು ಆಚೆ ದಡದ ಮನೆಯಿಂದ ಮಗು ಅತ್ತಿತು. ಸೀನಿದರೆ ಮರುದಿನ ಕೇಳಿಸುತ್ತಿದ್ದ ಹೊಳೆಯ ಮೇಲೆ ಆ ಅಳು ಆಗಲೇ ಊರಿನ ದಡಕ್ಕೂ ಕೇಳಿಸಿತು. ಗಾಣಿಗನೊಬ್ಬ ಕೈಮುಗಿದ. ಯಾರಿಗೆ ಎಂದು ಅವನಿಗೇ ತಿಳಿಯಲಿಲ್ಲ. ನಾನೂ ಅಲ್ಲಿದ್ದೆ. ಬಡಾಯಿ ಕೊಚ್ಚಲು ನನಗೆ ಬಾಯಿ ಬಾರದಿದ್ದದ್ದು ಅದೊಂದು ದಿನ ಮಾತ್ರ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಹೆಗಲು ಉಜ್ಜಿಕೊಳ್ಳುತ್ತಲೇ ಕೇಳಿದ.

“ಹಾಗಾದರೆ ಗುರುಗಳೇ, ಆ ಸೇತುವೆ ಕಟ್ಟಿದ್ದು ಯಾರು? ರಾಜನೇ, ಮಂತ್ರಿಗಳೇ?”

“ನೋಯುತ್ತಿರುವುದು ನಿನ್ನ ಹೆಗಲು, ನನ್ನನ್ನೇಕೆ ಕೇಳುತ್ತೀ?”